ಹಕ್ಕಿ ಅಂತ ಬರೆದ ಗಾಳಿ

ವಿಮಾನ ಹೋದ ಮೇಲೂ ಅದರ ಗಾಳಿ ಅಲ್ಲೇ ಉಳಿದಿರುತ್ತದೆ. ದೊಡ್ಡ ವಿಮಾನ ನೆಲ ಬಿಟ್ಟು ಏಳುವಾಗ ಎರಡೂ ರೆಕ್ಕೆಗಳ ತುದಿಯಿಂದ ಒಂದೊಂದು ಸುಳಿ ಹುಟ್ಟುತ್ತದೆ. ಮಜ್ಜಿಗೆ ಕಡೆದು ಕಡಗೋಲು ಎತ್ತಿದ ಮೇಲೂ ಗಡಿಗೆಯೊಳಗೆ ಮಜ್ಜಿಗೆ ತಿರುಗುತ್ತಲೇ ಇರುತ್ತದಲ್ಲ, ಹಾಗೆ. ಆ ಸುಳಿಗಳು ಮೆಲ್ಲಗೆ ಕೆಳಗಿಳಿದು, ನೆಲದ ಹತ್ತಿರ ಬಂದು ಅತ್ತಿತ್ತ ಸರಿದು, ಒಂದಷ್ಟು ಹೊತ್ತಿಗೆ ಸಾಯುತ್ತವೆ. ಒಂದಷ್ಟು ಹೊತ್ತು ಅಂದರೆ ಎಷ್ಟು ಹೊತ್ತು ಎಂದು ಅಳೆಯುವ ಕೆಲಸ ನನ್ನದಾಗಿತ್ತು. ಅಳೆದೆ, ತಪ್ಪಾಗಿ ಅಳೆದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯವರೆಗೆ ಮುಚ್ಚಿಟ್ಟು ಆಮೇಲೆ ಕಣ್ಣೀರು ಹಾಕುವವರನ್ನು ಕಂಡರೆ ನನಗಾಗುವುದಿಲ್ಲ.

ನನ್ನ ಹೆಸರು ಕಲಾವತಿ, ಊರು ಗದಗ. ಗಂಡ ಲಕ್ಷ್ಮೀಕಾಂತ ರೈಲ್ವೆಯಲ್ಲಿ ಇಂಜಿನಿಯರು. ಅವರಿಗೆ ನಾಗಪುರಕ್ಕೆ ವರ್ಗವಾದಾಗ ನಾನೂ ಹಿಂದೆ ಬಿದ್ದು ವರ್ಗ ಮಾಡಿಸಿಕೊಂಡು ಬಂದೆ. ಒಬ್ಬಳೇ ಮಗಳು ಅಪೂರ್ವ ಆಗ ಆರು ವರ್ಷದವಳು. ಈಗ ಅವಳು ಮನೆಯಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುತ್ತಾಳೆ, ಬಾಗಿಲು ದಾಟಿದರೆ ಮರಾಠಿ. ಕನ್ನಡ ಓದು ಅಂದರೆ ಅಂಗಡಿ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸುತ್ತಾಳೆ.

ನಮ್ಮದು ಗಾಳಿ ಅಳೆಯುವ ಸಣ್ಣ ಸರ್ಕಾರಿ ಘಟಕ. ಆರು ಜನ, ಮೂರು ಕೋಣೆ. ಮುಖ್ಯಸ್ಥರು ನರಹರಿ, ಮೈಸೂರಿನವರು. ಮೇಜಿನ ಮೇಲೆ ಪೆನ್ಸಿಲು ಓರೆಯಾಗಿದ್ದರೂ ಅವರಿಗೆ ಸಮಾಧಾನವಿಲ್ಲ. ನಾನೂ ಹೆಚ್ಚುಕಡಿಮೆ ಅದೇ ಜಾತಿ, ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಚಳಿಗಾಲದಲ್ಲಿ ವಿಮಾನ ನಿಲ್ದಾಣದ ಕೆಲಸ ನಮ್ಮ ಪಾಲಿಗೆ ಬಂತು. ಅಲ್ಲಿ ಹಾರಾಟ ಕಲಿಸುವ ಒಂದು ಕ್ಲಬ್ಬು ಇತ್ತು. ಕ್ಲಬ್ಬಿನ ಎರಡು ಸೀಟಿನ ವಿಮಾನಗಳು ರನ್‌ವೇಯ ನಡುಮಧ್ಯದಿಂದ ಹೊರಡುತ್ತಿದ್ದವು. ದೊಡ್ಡ ವಿಮಾನ ಎದ್ದು ಹೋದ ಮೇಲೆ ಇವು ಮೂರು ನಿಮಿಷ ಕಾಯಲೇಬೇಕು ಎಂದು ನಿಯಮ. ಮೂರು ನಿಮಿಷ ಯಾಕೆ, ಎರಡು ಸಾಲದೇ ಎಂದು ಎಲ್ಲರ ತಕರಾರು. ಸಾಲುತ್ತದೋ ಇಲ್ಲವೋ ನೀವೇ ಅಳೆದು ಹೇಳಿ ಎಂದು ನಮಗೆ ಒಪ್ಪಿಸಿದರು.

ತಕರಾರು ನಮ್ಮ ಮನೆಯಲ್ಲೂ ಇತ್ತು. ಅಷ್ಟರಲ್ಲಿ ಹತ್ತೊಂಬತ್ತು ತುಂಬಿದ್ದ ಅಪೂರ್ವ ಅದೇ ಕ್ಲಬ್ಬಿನ ವಿದ್ಯಾರ್ಥಿನಿ. ಊಟಕ್ಕೆ ಕೂತರೆ ಸಾಕು, ಶುರು.

"ಅವ್ವಾ, ಇಂಜಿನ್ ಚಾಲೂ ಇಟ್ಕೊಂಡು ನಿಂತೇ ಇರಬೇಕು ನೋಡು. ನಿಂದ್ರಿಸಿ ನಿಂದ್ರಿಸಿ ಜೀವಾ ತಿಂತಾರ. ಜಲ್ದಿ ಅಳದು ಎರಡ್ ನಿಮಿಷ ಮಾಡಿ ಕೊಡು."

"ನಿನ್ನ ಸಲುವಾಗಿ ಗಾಳಿ ಜಲ್ದಿ ಸಾಯೂದಿಲ್ಲ," ಎಂದು ನಾನು ಅನ್ನುತ್ತಿದ್ದೆ. ಲಕ್ಷ್ಮೀಕಾಂತ ನಗುತ್ತಿದ್ದರು.

ರನ್‌ವೇ ಮುಗಿದ ಮೇಲೆ ಇದ್ದ ಹುಲ್ಲಿನ ಬಯಲಿನಲ್ಲಿ ಅಡ್ಡ ಸಾಲಿಗೆ ಐದು ಕಂಬ ನೆಟ್ಟೆವು. ಕಂಬಗಳನ್ನು ಕಾಮಠಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಒಂದೊಂದರ ತಲೆಯ ಮೇಲೂ ಮಕ್ಕಳ ಗಿರಿಗಿಟ್ಟಲೆಯಂಥ ಒಂದು ಫ್ಯಾನು. ಗಾಳಿ ಬಂದರೆ ತಿರುಗುತ್ತದೆ, ತಿರುಗಿದರೆ ಕೆಳಗಿನ ಡೇರೆಯಲ್ಲಿ ಸುರುಳಿ ಕಾಗದದ ಮೇಲೆ ಶಾಯಿಯ ಸೂಜಿ ಗೆರೆ ಎಳೆಯುತ್ತದೆ. ಐದು ಕಂಬಕ್ಕೆ ಐದು ಸುರುಳಿ. ವಿಮಾನ ತಲೆಯ ಮೇಲೆ ಹಾದು ಹೋದ ಕ್ಷಣ ನಾನು ಒಂದು ಗುಂಡಿ ಒತ್ತುತ್ತಿದ್ದೆ, ಐದೂ ಸುರುಳಿಯ ಅಂಚಿನಲ್ಲಿ ಒಮ್ಮೆಗೇ ಗುರುತು ಬೀಳುತ್ತಿತ್ತು. ಅಲ್ಲಿಂದ ಸೆಕೆಂಡು ಎಣಿಸಿಕೊಂಡು ಹೋದರಾಯಿತು. ಎಪ್ಪತ್ತೆರಡು ದಿನ ಬೆಳಗ್ಗೆ ಐದಕ್ಕೆ ಎದ್ದು ಹೋಗಿ, ಸ್ವೆಟರು, ಅದರ ಮೇಲೆ ಶಾಲು, ಕಿವಿಗೆ ಹತ್ತಿ, ನಾನೂರಕ್ಕೂ ಹೆಚ್ಚು ವಿಮಾನಗಳ ಹೊಟ್ಟೆ ನೋಡಿದೆ.

ಮೊದಲ ವಾರದಲ್ಲೇ ಒಂದು ಕಾಜಾಣ ಬಂದು ಎರಡನೇ ಕಂಬದ ಮೇಲೆ ಕೂತಿತು. ಅದು ಬಾಲ ಆಡಿಸಿ, ರೆಕ್ಕೆ ಬಡಿದು ಫ್ಯಾನನ್ನು ತಿರುಗಿಸಿದ್ದಕ್ಕೆ ಡೇರೆಯಲ್ಲಿ ಸೂಜಿ ಹುಚ್ಚು ಹಿಡಿದಂತೆ ಜಿಗಿಯಿತು. ಕಣ್ಣಾರೆ ಕಂಡದ್ದನ್ನು ನರಹರಿಯವರಿಗೆ ಹೇಳಿದೆ. ಅವರು ಒಂದು ದಿನ ಯೋಚಿಸಿ ನಿಯಮ ಮಾಡಿದರು. ನೆಲದ ಹತ್ತಿರ ಸುಳಿ ತೊಂಬತ್ತು ಸೆಕೆಂಡಿಗಿಂತ ಹೆಚ್ಚು ಬದುಕುವುದಿಲ್ಲ ಎಂದು ಯಾವುದೋ ಹೊರದೇಶದ ಲೇಖನದಲ್ಲಿ ಓದಿದ್ದರಂತೆ. ಆದ್ದರಿಂದ ತೊಂಬತ್ತು ಸೆಕೆಂಡು ದಾಟಿದ ಮೇಲೆ ಸೂಜಿ ಜಿಗಿದರೆ ಅದು ಹಕ್ಕಿ. ಅಂಥ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ 'ಹ' ಎಂದು ಬರೆದು, ಲೆಕ್ಕದಿಂದ ಕೈಬಿಡಬೇಕು.

ಅವರದೇ ಇನ್ನೊಂದು ನಿಯಮವಿತ್ತು. ಒಂದು ಕಂಬದ ಸುರುಳಿಗಳನ್ನೆಲ್ಲ ಓದಿ ಮುಗಿಸದೆ ಮುಂದಿನ ಕಂಬದ್ದಕ್ಕೆ ಕೈ ಹಾಕುವಂತಿಲ್ಲ. ಅದಲುಬದಲಾದೀತು ಎಂಬ ಭಯ. ಹಾಗಾಗಿ ಮಾರ್ಚಿನಲ್ಲಿ ನಾನು ಮೊದಲ ಕಂಬದ ಎಪ್ಪತ್ತೆರಡು ದಿನಗಳನ್ನು ಓದಿದೆ, ಕಟ್ಟಿ ಕಪಾಟಿನಲ್ಲಿಟ್ಟೆ. ಆಮೇಲೆ ಎರಡನೆಯದರದ್ದು. ಹೀಗೆ ಐದೂ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಒಟ್ಟು ಮೂವತ್ತೇಳು ಕಡೆ 'ಹ' ಬಂತು. 'ತೊಂಬತ್ತು ಸೆಕೆಂಡಿನ ನಂತರ ಸುಳಿಗಾಳಿ ಕಂಡುಬಂದಿಲ್ಲ' ಎಂದು ವರದಿ ಬರೆದು ನರಹರಿಯವರೂ ನಾನೂ ಸಹಿ ಹಾಕಿದೆವು. ಜೂನಿನಿಂದ ಕ್ಲಬ್ಬಿನವರು ಮೂರರ ಬದಲು ಎರಡು ನಿಮಿಷ ಕಾದರೆ ಸಾಕು ಎಂದಾಯಿತು. ಅಪೂರ್ವ ಸೀತಾಬರ್ಡಿ ಪೇಟೆಯಿಂದ ಅರ್ಧ ಕಿಲೋ ಪೇಢಾ ತಂದು, ಮೊದಲನೆಯದನ್ನು ನನ್ನ ಬಾಯಿಗೇ ತುರುಕಿದಳು.

ನವೆಂಬರ್ ಹತ್ತೊಂಬತ್ತರ ಬೆಳಗ್ಗೆ ಅವಳು ಒಬ್ಬಳೇ ಹೊರಟಿದ್ದಳು. ಮುಂದೆ ಒಂದು ದೊಡ್ಡ ವಿಮಾನ ಎದ್ದು ಹೋಗಿತ್ತು. ಟವರಿನ ದಾಖಲೆಯ ಪ್ರಕಾರ ಇವಳು ಎರಡು ನಿಮಿಷ ಹತ್ತು ಸೆಕೆಂಡು ಕಾದಿದ್ದಾಳೆ. ನೆಲ ಬಿಟ್ಟು ಎಂಬತ್ತು ಅಡಿ ಏರುವಷ್ಟರಲ್ಲಿ ಎಡಗಡೆಯ ರೆಕ್ಕೆ ಕೆಳಗಾಗಿ ವಿಮಾನ ಪಕ್ಕಕ್ಕೆ ಹೊರಳಿ ಹುಲ್ಲಿಗೆ ಬಿತ್ತು. ಬೆಂಕಿ ಹತ್ತಲಿಲ್ಲ. ಕೊರಳ ಕೆಳಗಿನ ಎಲುಬು ಮುರಿಯಿತು, ಪಾದದ ಕೀಲು ಮುರಿಯಿತು, ಜೀವ ಉಳಿಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಅವಳು ಹೇಳಿದ್ದು ಇದು:

"ಅವ್ವಾ, ನಾ ಏನೂ ಮಾಡಿಲ್ಲ. ಯಾರೋ ರೆಕ್ಕಿ ಹಿಡದು ಹೊಳ್ಳಿಸಿದಂಗ ಆತು. ಸ್ಟಿಕ್ ಪೂರಾ ಬಲಕ್ಕ ಹಿಡದಿದ್ದೆ, ಕೇಳಲೇ ಇಲ್ಲ ಅದು."

ನಾನು ಅವಳ ಹಣೆಯ ಮೇಲೆ ಕೈಯಿಟ್ಟು, "ಎರಡ್ ನಿಮಿಷ ಆದಮ್ಯಾಲೆ ಅಲ್ಲಿ ಗಾಳಿ ಇರೂದಿಲ್ಲ, ಅಪ್ಪೂ. ನಾನ ಅಳದೇನಲ್ಲ," ಎಂದೆ.

ಅವಳಿಗೆ ನೋವಾಗಲಿ ಎಂದು ಹೇಳಲಿಲ್ಲ. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಆ ವಾರ ಮೂರು ನಾಲ್ಕು ಸಲ ಅವಳು ಅದನ್ನೇ ಹೇಳಿದಳು, ಮೂರು ನಾಲ್ಕು ಸಲವೂ ನಾನು ತಿಳಿಸಿ ಹೇಳಿದೆ. ಒಮ್ಮೆ ಎಕ್ಸ್‌ರೇ ಲಕೋಟೆಯ ಬೆನ್ನಿಗೆ ಚಿತ್ರ ಬರೆದು, ಇಲ್ಲಿ ಸುಳಿ, ಇಲ್ಲಿ ನೀನು, ನಡುವೆ ಇಷ್ಟು ಹೊತ್ತು ಎಂದು ತೋರಿಸಿದೆ. ಸ್ಟಿಕ್ಕನ್ನು ಬಲಕ್ಕೆ ಹಿಡಿದರೆ ಎಡ ರೆಕ್ಕೆ ಮೇಲೇಳಬೇಕು, ಗಾಳಿ ಇಲ್ಲದೆ ಅದು ಬೀಳಬೇಕಾದರೆ ಎಡಗಾಲಿನಿಂದ ಪೆಡಲು ಜೋರಾಗಿ ಒತ್ತಿರಬೇಕು ಎಂದೂ ನಾನೇ ಹೇಳಿದೆ. ಎರಡನೇ ವಾರದಲ್ಲಿ ಅವಳು, "ಇರಬಹುದು. ಎಡಗಾಲು ಒತ್ತಿದ್ನೋ ಏನೋ," ಎಂದಳು. ಮೂರನೇ ವಾರ, "ಒತ್ತೇನಿ," ಎಂದಳು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ತಪ್ಪು ಒಪ್ಪಿಕೊಂಡವಳು ಮುಂದೆ ಹುಷಾರಾಗುತ್ತಾಳೆ ಎಂದು ಲಕ್ಷ್ಮೀಕಾಂತರ ಮುಂದೆ ದೊಡ್ಡ ಮೇಡಂ ಹಾಗೆ ಹೇಳಿದ್ದೆ.

ಅಪಘಾತದ ವಿಚಾರಣೆಯ ಮೊದಲ ವರದಿ 'ವಿದ್ಯಾರ್ಥಿಯ ತಪ್ಪು' ಎಂದಿತು. ಕೊನೆಯ ಸಭೆ ಮಾರ್ಚಿನಲ್ಲಿ. ಅಲ್ಲಿಯೂ ಅದೇ ತೀರ್ಮಾನವಾದರೆ ಅವಳ ದಾಖಲೆಯ ಮೇಲೆ ಅದು ಶಾಶ್ವತವಾಗಿ ಕೂರುತ್ತದೆ, ಕ್ಲಬ್ಬು ಹೆಸರು ತೆಗೆಯುತ್ತದೆ, ಅಲ್ಲಿಗೆ ಅವಳ ಹಾರಾಟ ಮುಗಿಯಿತು. ಅಪೂರ್ವ ಆ ಸಭೆಗೆ ಕೊಡಲೆಂದು ತಪ್ಪೊಪ್ಪಿಗೆಯ ಹೇಳಿಕೆಯನ್ನು ಬರೆದು, ಮಡಿಚಿ, ತನ್ನ ಫೈಲಿನಲ್ಲಿಟ್ಟಿದ್ದಳು.

ಆ ಚಳಿಗಾಲ ನಾನು ಹೇಗಿದ್ದೆ ಎಂದು ಕೇಳಿದರೆ, ಇದ್ದೆ. ಅಡುಗೆ ಮಾಡುತ್ತಿದ್ದೆ, ಉಪ್ಪು ಹಾಕಿದೆನೋ ಇಲ್ಲವೋ ತಿನ್ನುವಾಗಲೂ ತಿಳಿಯುತ್ತಿರಲಿಲ್ಲ. ಗದಗಿನಿಂದ ಅಕ್ಕ ಫೋನು ಮಾಡಿ ಅತ್ತರೆ ರಿಸೀವರನ್ನು ಕಿವಿಗೆ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಮಗಳು ಬದುಕಿದಳಲ್ಲ ಎಂಬ ಸಂತೋಷವೂ ಆಗಲಿಲ್ಲ, ಹೀಗಾಯಿತಲ್ಲ ಎಂಬ ದುಃಖವೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿತ್ತು ಮೈಯೆಲ್ಲ. ಧೈರ್ಯವಂತೆ ಎಂದು ಓಣಿಯವರು ಹೊಗಳುತ್ತಿದ್ದರು. ಹೊಗಳಲಿ ಎಂದು ಸುಮ್ಮನಿದ್ದೆ.

ಫೆಬ್ರವರಿಯಲ್ಲಿ ಆಫೀಸಿಗೆ ಕಂಪ್ಯೂಟರು ಬರುವುದೆಂದಾಯಿತು. ಕಪಾಟು ಖಾಲಿ ಮಾಡಬೇಕು, ಹಳೆಯ ಸುರುಳಿಗಳನ್ನು ತಾರೀಖಿನ ಪ್ರಕಾರ ಕಟ್ಟಿ ಕೊಡಿ, ವಿಲೇವಾರಿ ಮಾಡೋಣ ಎಂದು ನರಹರಿಯವರು ಹೇಳಿದರು. ತಾರೀಖಿನ ಪ್ರಕಾರ ಅಂದರೆ ಒಂದೇ ದಿನದ ಐದು ಕಂಬಗಳ ಸುರುಳಿ ಒಟ್ಟಿಗೆ. ವರಾಂಡದಲ್ಲಿ ಬೆಳಗಿನ ಬಿಸಿಲಿತ್ತು. ತಾರೀಖು ತಾಳೆ ನೋಡಲು ಜನವರಿ ಎಂಟರ ಐದನ್ನೂ ನೆಲದ ಮೇಲೆ ಒಂದರ ಕೆಳಗೊಂದು ಬಿಚ್ಚಿ, ಹಾರದಂತೆ ಸ್ಟೇಪ್ಲರು, ಚಪ್ಪಲಿ, ಟಿಫಿನ್ ಡಬ್ಬಿ ಎಲ್ಲ ಇಟ್ಟೆ. ಗುಂಡಿಯ ಗುರುತುಗಳು ಒಂದೇ ಸಾಲಿಗೆ ಬಂದವು.

ಎರಡನೇ ಕಂಬದ ಸುರುಳಿಯಲ್ಲಿ ನೂರಾ ಐದನೇ ಸೆಕೆಂಡಿಗೆ ಒಂದು 'ಹ' ಇತ್ತು. ಮೂರನೇ ಕಂಬದ್ದರಲ್ಲಿ ನೂರಾ ಮೂವತ್ತೊಂದಕ್ಕೆ ಒಂದು. ನಾಲ್ಕನೆಯದರಲ್ಲಿ ನೂರಾ ಐವತ್ತೆಂಟಕ್ಕೆ ಒಂದು.

ಕಾಜಾಣ ಒಂದು ಕಂಬದಿಂದ ಇನ್ನೊಂದಕ್ಕೆ ಹಾರಿರಬೇಕು ಎಂದುಕೊಂಡೆ. ನಿಜಕ್ಕೂ ಹಾಗೇ ಅಂದುಕೊಂಡೆ. ಮನುಷ್ಯರ ತಲೆ ಎಷ್ಟು ನಾಚಿಕೆಗೆಟ್ಟದ್ದು ನೋಡಿ. ಜನವರಿ ಹನ್ನೊಂದನ್ನು ಬಿಚ್ಚಿದೆ. ಅಲ್ಲಿಯೂ ಹಕ್ಕಿ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಅದೇ ಇಪ್ಪತ್ತಾರು ಇಪ್ಪತ್ತೇಳು ಸೆಕೆಂಡಿನ ಅಂತರದಲ್ಲಿ ಹೋಗಿತ್ತು. ಹದಿನೇಳಕ್ಕೂ ಹಾಗೇ. ಎಲ್ಲ ದಿನಗಳನ್ನೂ ಬಿಚ್ಚಿದೆ. ಮೂವತ್ತೇಳು 'ಹ'ಗಳಲ್ಲಿ ಮೊದಲ ವಾರ ನಾನು ಕಣ್ಣಾರೆ ಕಂಡದ್ದೊಂದು ಬಿಟ್ಟು, ಉಳಿದ ಮೂವತ್ತಾರೂ ಮೂರು ಮೂರರಂತೆ ಹನ್ನೆರಡು ಸಾಲುಗಳಾದವು. ಹನ್ನೆರಡೂ ಎಲೆ ಅಲುಗದ ಬೆಳಗುಗಳು. ವಿಮಾನವಿಲ್ಲದ ಹೊತ್ತಿನಲ್ಲಿ, ಗಂಟೆಗಟ್ಟಲೆ ಖಾಲಿ ಗೆರೆಯಲ್ಲಿ, ಒಂದೇ ಒಂದು ಹಕ್ಕಿಯೂ ಕೂತಿರಲಿಲ್ಲ. ಅದು ಹಕ್ಕಿಯಲ್ಲ, ಸಾಯದೆ ಕಂಬದಿಂದ ಕಂಬಕ್ಕೆ ಸರಿದು ಹೋದ ಸುಳಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಬದುಕಿದ್ದ ಸುಳಿ ಎರಡು ನಿಮಿಷ ನಲವತ್ತೆಂಟು ಸೆಕೆಂಡು ಬದುಕಿತ್ತು.

ಎದ್ದು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ. ಸಮೋಸ ಬಿಸಿ ಇದೆ ಎಂದರು, ಅದನ್ನೂ ತಿಂದೆ. ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಲ್ಲ ಎಂದು ಕಾಯುತ್ತ ಕೂತಿದ್ದೆ.

ನರಹರಿಯವರನ್ನು ವರಾಂಡಕ್ಕೆ ಕರೆದು ತೋರಿಸಿದೆ. ಅವರು ಮಂಡಿಯೂರಿ ಮೂರು ದಿನದ ಸಾಲುಗಳನ್ನು ಬೆರಳಿನಿಂದ ಅಳೆದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಕಲಾವತಿಯವರೇ, ರಿಪೋರ್ಟ್ ಹೋಗಿ ವರ್ಷ ಆಗ್ತಾ ಬಂತು. ಇಬ್ಬರದೂ ಸಹಿ ಇದೆ ಅದರಲ್ಲಿ. ಈಗ ನೀವು ಹೋಗಿ ಹೇಳಿದ್ರೆ ಜನ ಏನಂತಾರೆ? ಮಗಳನ್ನ ಉಳಿಸೋಕೆ ತಾಯಿ ಹಕ್ಕೀನ ಗಾಳಿ ಮಾಡಿದ್ಲು ಅಂತಾರೆ."

"ಗಾಳೀನ ಹಕ್ಕಿ ಮಾಡಿದಾಕೀನೂ ನಾನ ಅಲ್ರಿ ಸರ್?"

ಅವರು ಓರೆಯಾಗಿದ್ದ ಒಂದು ಸುರುಳಿಯನ್ನು ನೇರ ಮಾಡಿದರು. "ತೊಂಬತ್ತು ಸೆಕೆಂಡು ಅಂದಿದ್ದು ನಾನು," ಎಂದರು ಕೊನೆಗೆ. "ಅದನ್ನೂ ಹೇಳಿ." ಸುರುಳಿಗಳನ್ನು ಮನೆಗೆ ಒಯ್ಯಲು ತಮ್ಮ ಸೂಟ್‌ಕೇಸು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಭಾನುವಾರ ಬೆಳಗ್ಗೆ ಅಪೂರ್ವ ನಡುಮನೆಯಲ್ಲಿ ಭುಜದ ವ್ಯಾಯಾಮ ಮಾಡುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಕಟ್ಟಿದ ಹಗ್ಗವನ್ನು ಎಳೆಯುವುದು, ಬಿಡುವುದು. ನಾನು ಸುರುಳಿಗಳನ್ನು ಅವಳ ಕಾಲ ಬಳಿ ಹಾಸಿ, ಎಲ್ಲವನ್ನೂ ಹೇಳಿದೆ. ಲಕ್ಷ್ಮೀಕಾಂತ ಪೇಪರು ಕೆಳಗಿಟ್ಟು ಕೇಳಿದರು. ಅವಳು ಬೈಯಲಿ, ಕೂಗಾಡಲಿ, ಹಗ್ಗ ಬಿಸಾಕಲಿ ಎಂದು ನಾನು ಕಾಯುತ್ತಿದ್ದೆ.

"ಹಂಗಾರ ನಂದಲ್ಲ?" ಎಂದಳು.

"ನಿಂದಲ್ಲ."

"ಬರೋಬರ್," ಎಂದು ಮತ್ತೆ ಹಗ್ಗ ಎಳೆದಳು. ನಾಲ್ಕೈದು ಸಲ ಎಳೆದ ಮೇಲೆ, "ವಿಚಾರಣಿ ಸಾಹೇಬ್ರು ಕೇಳಿದ್ರ ನಾ ಏನ್ ಹೇಳ್ಲಿ ಅವ್ವಾ?" ಎಂದು ಕೇಳಿದಳು.

"ಆಗಿದ್ದು ಹೇಳು," ಎಂದೆ.

ಅವಳು ನನ್ನ ಮುಖ ನೋಡಿದಳು, ನಾನು ಇನ್ನೂ ಏನೋ ಹೇಳಲಿ ಎಂದು ಕಾಯುವ ಹಾಗೆ. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಸಭೆಯ ತೀರ್ಮಾನ ಏನಾಯಿತು ಎಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಕ್ಲಬ್ಬಿಗೆ ಮತ್ತೆ ಮೂರು ನಿಮಿಷದ ನಿಯಮ ಬಂತು. ನನಗೂ ನರಹರಿಯವರಿಗೂ ಒಂದೊಂದು ಖಾರವಾದ ಪತ್ರ ಬಂತು, ಬರಬೇಕಾದದ್ದೇ. ಅಪೂರ್ವಳ ವಿಷಯದಲ್ಲಿ 'ಸುಳಿಗಾಳಿ ಇದ್ದಿರುವ ಸಂಭವವಿದೆ, ವಿದ್ಯಾರ್ಥಿಯ ಹೇಳಿಕೆ ಇಲ್ಲದ್ದರಿಂದ ಕಾರಣ ಖಚಿತವಿಲ್ಲ' ಎಂದು ಬರೆದರು. 'ವಿದ್ಯಾರ್ಥಿಯ ತಪ್ಪು' ಎಂಬ ಮಾತನ್ನು ತೆಗೆದರು. ಅವಳು ಹಾರಬಹುದು. ಲಕ್ಷ್ಮೀಕಾಂತ ಆ ಪತ್ರ ಹಿಡಿದುಕೊಂಡು ಮಗುವಿನಂತೆ ಅತ್ತರು. ಗೆದ್ದಂತೆಯೇ ಲೆಕ್ಕ ಎಂದರು. ನಾನು ಹೂಂ ಎಂದೆ.

ಆದರೆ ಹೇಳಿಕೆ ಇಲ್ಲದ್ದರಿಂದ ಎಂದು ಯಾಕೆ ಬರೆದರು ಎಂಬುದನ್ನು ಹೇಳಬೇಕು.

ವಿಚಾರಣೆ ನಡೆಸಲು ಬಂದವರು ಬೋಪಣ್ಣ, ವಾಯುಸೇನೆಯಿಂದ ನಿವೃತ್ತರಾದ ಕೊಡಗಿನವರು. ನನ್ನ ಇಂಗ್ಲಿಷ್ ಎಡವುವುದನ್ನು ಕಂಡು, "ಕನ್ನಡದಲ್ಲೇ ಹೇಳಿ ಅಮ್ಮ, ನಾನು ಇಂಗ್ಲಿಷಲ್ಲಿ ಬರ್ಕೊತೀನಿ," ಎಂದರು. ಸುರುಳಿಗಳನ್ನು ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಅವರು ಹನ್ನೆರಡು ಸಾಲುಗಳನ್ನೂ ಒಂದೊಂದಾಗಿ ನೋಡಿದರು. ಅವಸರದ ಮನುಷ್ಯನಲ್ಲ.

"ಇದನ್ನ ಹೊಡೆದು ಹಾಕಿದ್ದು ನೀವೇನಾ?"

"ಹೌದ್ರಿ."

"ಬಿದ್ದಿದ್ದು ಹೇಗೆ ಅಂತ ಮಗಳು ನಿಮಗೆ ಹೇಳಿದ್ರಾ?"

"ಅವತ್ತ ಹೇಳಿದ್ಲು. ಎಚ್ಚರ ಆದ ಕೂಡಲೇ. ಯಾರೋ ರೆಕ್ಕಿ ಹಿಡದು ಹೊಳ್ಳಿಸಿದಂಗ ಆತು ಅಂತ."

"ನೀವೇನಂದ್ರಿ?"

"ಅಲ್ಲಿ ಗಾಳಿ ಇರೂದಿಲ್ಲ ಅಂದೆ."

ಅವರು ಅದನ್ನೂ ಬರೆದುಕೊಂಡು ಅಪೂರ್ವಳ ಕಡೆ ತಿರುಗಿದರು. "ಮಗೂ, ಈ ಸುರುಳಿಗಳೆಲ್ಲ ಹೋದ ವರ್ಷದ ಗಾಳಿಯ ಕತೆ. ನೀನು ಬಿದ್ದ ದಿನದ್ದಲ್ಲ. ಆ ದಿನದ್ದು ಗೊತ್ತಿರೋದು ನಿನ್ನೊಬ್ಬಳಿಗೇ. ನೀನು ಹೇಳಿದ್ದು ಇದಕ್ಕೆ ಹೊಂದಿದ್ರೆ ನಾನು ಸುಳಿ ಅಂತಲೇ ಬರೀತೀನಿ. ರೆಕ್ಕೆ ಬಿದ್ದಾಗ ಸ್ಟಿಕ್ ಯಾವ ಕಡೆ ಹಿಡಿದಿದ್ದೆ?"

ಅಪೂರ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಬೆರಳು ಮಡಿಚಿದಳು, ಬಿಚ್ಚಿದಳು.

"ಗೊತ್ತಿಲ್ರಿ ಸರ್."

"ನೆನಪಿಲ್ವಾ?"

"ಮೊದಲ ನೆನಪಿತ್ರಿ. ದವಾಖಾನ್ಯಾಗ ಇತ್ತು. ಆಮ್ಯಾಲೆ ಅವ್ವ ತಿಳಿಸಿ ಹೇಳಿದ್ಲು. ಈಗ ಕಣ್ಣು ಮುಚ್ಚಿದ್ರ ಎಡಗಾಲು ಒತ್ತೂದ ಕಾಣತೈತ್ರಿ. ಅದು ಖರೇ ಅಲ್ಲ ಅಂತ ಈಗ ಅವ್ವನ ಹೇಳಿದ್ಲು, ಸಮಜ್ ಆತು. ಆದ್ರ ಅದನ್ನ ಬಿಟ್ರ ಅಲ್ಲಿ ಬ್ಯಾರೆ ಏನೂ ಇಲ್ರಿ."

"ಬಲಕ್ಕರೀ," ಎಂದೆ ನಾನು ಕೂತಲ್ಲಿಂದಲೇ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಪೂರಾ ಬಲಕ್ಕ ಹಿಡದಿದ್ದೆ, ಕೇಳಲಿಲ್ಲ ಅಂದಿದ್ಲು. ನಾ ಕೇಳೇನಿ."

"ನಿಮ್ಮನ್ನ ಕೇಳಿದ್ದಲ್ಲ ಅಮ್ಮ," ಎಂದು ಬೋಪಣ್ಣ ಪೆನ್ನು ಕೆಳಗಿಟ್ಟರು. ಗದರಿಸಿದ್ದಲ್ಲ, ಮೆಲ್ಲಗೇ ಅಂದರು.

ಅಪೂರ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ.

"ಹಂಗ ಅಂದಿದ್ನಾ ಅವ್ವಾ ನಾನು?" ಎಂದು ಕೇಳಿದಳು.

"ಹೌದವಾ," ಎಂದೆ.

ಅವಳು ಗೋಣು ಹಾಕಿದಳು. ಮತ್ತೊಮ್ಮೆ ನನ್ನ ಮಾತನ್ನೇ ನಂಬಿದಳು.